ಬಿಡಿಭಾಗ ಸಂಖ್ಯೆ ನಾಲ್ಕುನೂರ ಹದಿನೇಳು

ಸಾವಿರದ ಒಂಬೈನೂರ ತೊಂಬತ್ತೇಳನೇ ಇಸವಿಯಲ್ಲಿ ಬೊಮ್ಮಸಂದ್ರದ ಬೇರಿಂಗ್ ಕಾರ್ಖಾನೆಯೊಂದರಲ್ಲಿ ಒಟ್ಟು ನಾಲ್ಕುನೂರ ಹದಿನೇಳು ಆಮದು ಬಿಡಿಭಾಗಗಳು ಬಳಕೆಯಲ್ಲಿದ್ದವು. ಅವುಗಳಲ್ಲಿ ನಾಲ್ಕುನೂರ ಹದಿನಾರು ಯಂತ್ರಗಳಲ್ಲಿದ್ದವು. ಉಳಿದ ಒಂದು, ತಪಾಸಣೆ ವಿಭಾಗದ ಸುಬ್ಬಲಕ್ಷ್ಮಮ್ಮನವರ ಎಡ ಎದೆಯಲ್ಲಿತ್ತು.

ಚಂದಾಪುರದ ಈ ಹೆಣ್ಣುಮಗಳು ಬೇರಿಂಗ್ ಗುಂಡುಗಳನ್ನು ಬೆರಳ ತುದಿಯಲ್ಲಿ ಉರುಳಿಸಿಯೇ ಕೂದಲೆಳೆಯಷ್ಟು ಗೀರನ್ನೂ ಹಿಡಿಯಬಲ್ಲವರಾಗಿದ್ದರು. ಆರು ವರ್ಷದ ಹಿಂದೆ ಕ್ಯಾನ್ಸರ್ ಬಂದು ಎಡ ಸ್ತನ ತೆಗೆದಾಗ, ಅಂದಿನ ದೊಡ್ಡ ಸಾಹೇಬರು ಚಿಕಿತ್ಸೆಯೆಲ್ಲ ಕಂಪನಿಯದೇ ಎಂದಿದ್ದರು. ಹಾಗಾಗಿ ಆ ಜಾಗದಲ್ಲಿ ಚರ್ಮದಡಿ ಇಡುವ ಸಿಲಿಕೋನ್ ಇಂಪ್ಲಾಂಟ್ ವಿದೇಶದಿಂದ, ಗ್ರೈಂಡಿಂಗ್ ಯಂತ್ರದ ಬೆಲ್ಟುಗಳ ಪೆಟ್ಟಿಗೆಯಲ್ಲೇ ಬಂತು. ಪೆಟ್ಟಿಗೆಯಲ್ಲಿ ಬಂದದ್ದಕ್ಕೆಲ್ಲ ನಂಬರ್ ಹಾಕುವುದು ಸ್ಟೋರ್ಸಿನವರ ಕರ್ತವ್ಯವಾಗಿತ್ತು. ಹಾಕಿದರು. ಇದರಲ್ಲಿ ಯಾರದೂ ತಪ್ಪಿಲ್ಲ.

ಮುಂದೆ ಕಂಪನಿಗೆ ಗುಣಮಟ್ಟದ ಪ್ರಮಾಣಪತ್ರ ಬೇಕಾಯಿತು. ಪ್ರತಿಯೊಂದು ಬಿಡಿಭಾಗಕ್ಕೂ ಆಯುಷ್ಯ ಗೊತ್ತುಪಡಿಸುವ ಕೆಲಸ ಮೇಂಟೆನೆನ್ಸ್ ವಿಭಾಗದ ಮುಖ್ಯಸ್ಥ ಗದಿಗೆಪ್ಪನವರ ಪಾಲಿಗೆ ಬಂತು. ಗದಗ ಕಡೆಯ ಸಜ್ಜನರು. ಬೆಳಿಗ್ಗೆ ವಿಭೂತಿ ಹಚ್ಚದೆ ಫೈಲು ಮುಟ್ಟಿದವರಲ್ಲ. ರಬ್ಬರ್, ಪ್ಲಾಸ್ಟಿಕ್ ಹಾಗೂ ತತ್ಸಮಾನ ವಸ್ತುಗಳಿಗೆ ಹತ್ತು ವರ್ಷ ಎಂದು ಬರೆದರು. ಹತ್ತು ವರ್ಷಕ್ಕೆ ಮೊದಲು ಬದಲಿಸುವಂತಿಲ್ಲ, ಹತ್ತು ತುಂಬಿದ ಮೇಲೆ ಬದಲಿಸದೆ ಇರುವಂತಿಲ್ಲ.

ತೊಂಬತ್ತೇಳರ ಯುಗಾದಿಯ ಹೊತ್ತಿಗೆ ಸುಬ್ಬಲಕ್ಷ್ಮಮ್ಮನವರ ಎಡ ಎದೆ ಕಲ್ಲಿನಂತಾಯಿತು. ಆಕಾರ ಕೆಟ್ಟು ಮೇಲಕ್ಕೆ ಸರಿಯಿತು. ಜಡೆ ಹಾಕಿಕೊಳ್ಳಲು ಎಡಗೈ ಏಳದೆ, ಗಂಡ ಆಂಜಿನಪ್ಪನೇ ಅಡ್ಡಾದಿಡ್ಡಿ ಹೆಣೆಯತೊಡಗಿದ. ಸಿಂಗಸಂದ್ರದಲ್ಲಿ ಮನೆಯಿದ್ದ ಡಾಕ್ಟರ್ ಉಮಾಶ್ರೀ ಸ್ಕ್ಯಾನ್ ಮಾಡಿಸಿ ನೋಡಿದರು. ಇದಕ್ಕೆ ಇಂಥದೇ ದಿನ ಬದಲಿಸಬೇಕೆಂಬ ಗಡುವಿಲ್ಲ, ಆದರೆ ಒಮ್ಮೆ ಹಾಕಿಸಿಕೊಂಡರೆ ಸಾಯುವತನಕ ಇರುತ್ತದೆಂಬ ಭರವಸೆಯೂ ಇಲ್ಲ ಎಂದರು. ತೊಂದರೆ ಇಲ್ಲದಿದ್ದರೆ ಆಗಾಗ ತೋರಿಸಿಕೊಂಡು ಸುಮ್ಮನಿರಬಹುದು; ಗಟ್ಟಿಯಾದರೆ, ನೋವಾದರೆ, ಆಕಾರ ಕೆಟ್ಟರೆ, ಒಡೆದರೆ ಮಾತ್ರ ಕ್ಯಾಲೆಂಡರ್ ನೋಡುತ್ತ ಕೂರಬಾರದು. ಆಕೆಯದು ಗಟ್ಟಿಯೂ ಆಗಿತ್ತು, ಒಡೆದೂ ಇತ್ತು. ತೆಗೆಯಬೇಕು, ಹೊಸದು ಹಾಕಿಸುವುದೂ ಬಿಡುವುದೂ ಅವರಿಷ್ಟ.

ಡಾಕ್ಟರ ಚೀಟಿ ಗದಿಗೆಪ್ಪನವರ ಮೇಜಿಗೆ ಬಂತು. ಅವರು ಎರಡು ಸಲ ಓದಿ, ಸುಬ್ಬಲಕ್ಷ್ಮಮ್ಮನವರನ್ನು ಕೂರಿಸಿ, ಟೀ ತರಿಸಿದರು. ಇನ್ನೂ ನಾಲ್ಕು ವರ್ಷ ಬಾಕಿ ಇದೆ, ಅವಧಿಗೆ ಮೊದಲು ತೆಗೆಯಬೇಕಾದರೆ ಭಾಗ ಕೆಟ್ಟಿರಬೇಕು, ಕೆಟ್ಟಿದೆ ಎನ್ನಬೇಕಾದರೆ ಉತ್ಪಾದನೆ ಇಳಿದಿರಬೇಕು ಎಂದು ವಿವರಿಸಿದರು. ಹೋದ ತಿಂಗಳು ಆಕೆಯ ಕೆಲಸ ಗುರಿಗಿಂತ ಜಾಸ್ತಿಯೇ ಆಗಿತ್ತು.

"ನೋವಾಯ್ತದೆ ಸಾರ್," ಎಂದರು ಸುಬ್ಬಲಕ್ಷ್ಮಮ್ಮ.

"ನಂಗೂ ಕೆಟ್ಟ ಅನಸ್ತದರೀ ಅಮ್ಮಾ. ಆದ್ರ ನೋವಿಗೆ ಕಾಲಂ ಇಲ್ಲ."

ಅವರು ನಿಜಕ್ಕೂ ನೊಂದಿದ್ದರು. ಫಾರಂ ತಿರುಗಿಸಿ ಹಿಂಬದಿಯನ್ನೂ ನೋಡಿದರು.

ತಾನು ಬಂದು ಮಾತಾಡಲೇ ಎಂದು ಆಂಜಿನಪ್ಪ ಕೇಳಿದ. ಆಕೆ ಬೇಡವೆಂದರು. ಮರುದಿನ ಕೆಲಸಕ್ಕೆ ಹೋಗಿ, ತನ್ನ ಸ್ಟೂಲಿನ ಮೇಲೆ ಕೂತು, ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡರು. ಇಪ್ಪತ್ತು ವರ್ಷದಲ್ಲಿ ಒಂದು ಟ್ರೇಯನ್ನೂ ಅರ್ಧಕ್ಕೆ ಬಿಟ್ಟವರಲ್ಲ. ಮೊದಲ ದಿನ ನಾಚಿಕೆಯಿಂದ ತಲೆಯೆತ್ತಲಿಲ್ಲ. ಎರಡನೇ ದಿನ ಟ್ರೇಗಳು ಕಿಟಕಿಯವರೆಗೆ ರಾಶಿಯಾದವು. ಮೂರನೇ ದಿನ ಹನ್ನೊಂದು ಗಂಟೆಗೆ ಅಸೆಂಬ್ಲಿ ಲೈನ್ ನಿಂತಿತು. ಗದಿಗೆಪ್ಪನವರು ಓಡಿ ಬಂದರು.

"ಕೈ ಏಳ್ತಿಲ್ಲ ಸಾರ್," ಎಂದರು ಆಕೆ. ಸುಳ್ಳೇನೂ ಅಲ್ಲ. ಅದುವರೆಗೆ ಎಡಗೈಯನ್ನು ಬಲಗೈಯಿಂದ ಎತ್ತಿ ಟ್ರೇಯ ಮೇಲಿಟ್ಟು ಕೆಲಸ ಮಾಡುತ್ತಿದ್ದರು. ಈಗ ಎತ್ತುವುದನ್ನು ನಿಲ್ಲಿಸಿದ್ದರು, ಅಷ್ಟೆ.

ಗದಿಗೆಪ್ಪನವರ ಮುಖ ಅರಳಿತು. ಇಪ್ಪತ್ತೇ ನಿಮಿಷದಲ್ಲಿ ಭಾಗ ಕೆಟ್ಟಿದೆಯೆಂದು ಘೋಷಣೆಯಾಯಿತು. ತುರ್ತು ದುರಸ್ತಿಯ ಕೆಂಪು ಚೀಟಿಯೊಂದಿಗೆ ಆಕೆಯನ್ನು ಕಂಪನಿಯ ಜೀಪಿನಲ್ಲೇ ಆಸ್ಪತ್ರೆಗೆ ಕಳಿಸಲಾಯಿತು. ಶುಕ್ರವಾರ ಉಮಾಶ್ರೀ ಆಪರೇಷನ್ ಮಾಡಿ ಇಂಪ್ಲಾಂಟ್ ತೆಗೆದರು. ಹೊಸದು ಬೇಕೆ ಎಂದು ಕೇಳಿದ್ದಕ್ಕೆ, "ಬ್ಯಾಡ ಡಾಕ್ಟ್ರಮ್ಮ, ಇಂಗೇ ಅಗುರಾಗ್ಯದೆ," ಎಂದರು ಸುಬ್ಬಲಕ್ಷ್ಮಮ್ಮ. ತಿಂಗಳಾದ ಮೇಲೆ ತನ್ನ ಜಡೆ ತಾನೇ ಹಾಕಿಕೊಂಡು ಕೆಲಸಕ್ಕೆ ಬಂದರು.

ಆಗ ಹೊಸ ತೊಡಕು ಎದ್ದಿತು. ಫಾರಂ ಇದ್ದದ್ದು ಬದಲಾವಣೆಗೆ. ತೆಗೆದದ್ದೇನು, ಹಾಕಿದ್ದೇನು, ಎಷ್ಟು ಎಂದು ಮೂರು ಕಾಲಂ. ಯಾವುದನ್ನೂ ಖಾಲಿ ಬಿಡುವಂತಿಲ್ಲ. ಗದಿಗೆಪ್ಪನವರು ಎರಡು ದಿನ ಯೋಚಿಸಿ, ಹಾಕಿದ್ದು "ಏನೂ ಇಲ್ಲ" ಎಂದೂ, ಸಂಖ್ಯೆ "ಒಂದು" ಎಂದೂ ದುಂಡಗೆ ಬರೆದರು.

ಏನೂ ಇಲ್ಲದ್ದಕ್ಕೂ ಮೂರು ತಿಂಗಳಿಗೊಮ್ಮೆ ತಪಾಸಣೆ ಆಗಬೇಕಲ್ಲ. ಅವರು ಬಂದು, ನಾಲ್ಕು ಹೆಜ್ಜೆ ದೂರ ನಿಂತು, ನೆಲ ನೋಡುತ್ತ, ಸುಸ್ಥಿತಿಯಲ್ಲಿದೆಯೇ ಎಂದು ಕೇಳುತ್ತಿದ್ದರು. ಆಕೆ ಅದೆ ಸಾರ್ ಎನ್ನುತ್ತಿದ್ದರು. ಇಬ್ಬರೂ ಸಹಿ ಹಾಕುತ್ತಿದ್ದರು.

ಮರುವರ್ಷ ಪ್ರಮಾಣಪತ್ರದವರು ಬಂದು ಎಲ್ಲ ಪುಸ್ತಕ ತೆರೆಸಿದರು. ಇಡೀ ಕಾರ್ಖಾನೆಯಲ್ಲಿ ಒಂದೂ ದೂರಿಲ್ಲದೆ ನಡೆಯುತ್ತಿರುವ ಬಿಡಿಭಾಗ ಈ "ಏನೂ ಇಲ್ಲ" ಒಂದೇ ಎಂದು ಮೆಚ್ಚಿ, ಸಾಧ್ಯವಿದ್ದಲ್ಲೆಲ್ಲ ಇದನ್ನೇ ಅಳವಡಿಸಲು ಶಿಫಾರಸು ಮಾಡಿದರು. ಅದರಂತೆ ಮೊದಲ ಹಂತದಲ್ಲಿ, ಸದಾ ಕಿರುಗುಟ್ಟುತ್ತಿದ್ದ ಊಟದ ಹಾಲಿನ ಆರು ಫ್ಯಾನ್‌ಗಳನ್ನು ಇಳಿಸಿ ಆರು "ಏನೂ ಇಲ್ಲ"ಗಳನ್ನು ಹಾಕಲಾಯಿತು. ಸದ್ದಿನ ದೂರುಗಳು ಪೂರ್ತಿ ನಿಂತವು. ಬೇಸಿಗೆ ಬಂದಾಗ ಕಾರ್ಮಿಕರು ಮನೆಯಿಂದ ಬೀಸಣಿಗೆ ತರತೊಡಗಿದರು. ಸುಬ್ಬಲಕ್ಷ್ಮಮ್ಮನವರೂ ಒಂದು ತಂದರು, ಗದಿಗೆಪ್ಪನವರು ಎರಡು: ಒಂದು ಬಳಕೆಗೆ, ಇನ್ನೊಂದು ಬಿಡಿಭಾಗವಾಗಿ.