ಖಾಲಿ ಕೊಡಬಾರದ ಡಬ್ಬಿಗಳು

ಸ್ಟೀಲಿನ ಡಬ್ಬಿಯ ಮೇಲೆ ಹೆಸರು ಕೊರೆಸುವ ಪದ್ಧತಿಯನ್ನು ಯಾರು ಶುರು ಮಾಡಿದರೋ, ನನ್ನಂಥವನೊಬ್ಬ ಅದನ್ನು ನಂಬಿ ನಡೆದಾನು ಎಂದು ಅವರು ಎಣಿಸಿರಲಿಕ್ಕಿಲ್ಲ. ನಾನು ಬಸ್ ಕಂಡಕ್ಟರನಾಗಿ ದುಡಿದು ನಿವೃತ್ತನಾದವನು. ಬೋರ್ಡಿನ ಮೇಲೆ ಬಾದಾಮಿ ಎಂದಿದ್ದರೆ ಬಸ್ಸು ಬಾದಾಮಿಗೇ ಹೋಗಬೇಕು. ಡಬ್ಬಿಯ ಲೆಕ್ಕ ಹಾಗಲ್ಲ ಎಂಬುದು ಈ ಚಳಿಗಾಲದಲ್ಲಿ ತಿಳಿಯಿತು, ತಿಳಿದೂ ಪೂರ್ತಿ ತಿಳಿಯಲಿಲ್ಲ.

ನನ್ನ ಹೆಂಡತಿ ಶಾಂತವ್ವ ದಸರೆ ಮುಗಿದ ಮೇಲೆ ತೀರಿಕೊಂಡಳು. ಸಾವಾದ ಮನೆಯಲ್ಲಿ ಆ ವರ್ಷ ಹಬ್ಬ ಮಾಡುವುದಿಲ್ಲ. ಆದರೆ ಹಬ್ಬವಿಲ್ಲದ ಮನೆಯಲ್ಲಿ ಹೋಳಿಗೆಯೂ ಇಲ್ಲದಿರಲು ನಮ್ಮ ಕಮತಗಿಯ ಓಣಿ ಬಿಡುವುದಿಲ್ಲ. ದೀಪಾವಳಿಗೂ ಎಳ್ಳ ಅಮಾವಾಸ್ಯೆಗೂ ಬೆಳಗಿನಿಂದಲೇ ಯಾರ್ಯಾರದೋ ಮಕ್ಕಳ ಕೈಯಲ್ಲಿ ಡಬ್ಬಿಗಳು ಬಂದವು. ಶೇಂಗಾ ಹೋಳಿಗೆ, ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಉಳಿದ ದಿನ ನಾನು ರೊಟ್ಟಿ ಮಾರುವವರಲ್ಲಿ ಕೊಂಡು ತಂದು ಮೊಸರು ಹಚ್ಚಿ ತಿನ್ನುತ್ತಿದ್ದೆ. ದುಃಖದಲ್ಲಿ ಮನುಷ್ಯ ಸೊರಗುತ್ತಾನೆ ಎನ್ನುತ್ತಾರೆ. ನನ್ನ ಅಂಗಿಯ ಗುಂಡಿಗಳು ಬೇರೆಯೇ ಹೇಳುತ್ತಿದ್ದವು.

ತಿಂದದ್ದಾಯಿತು, ಡಬ್ಬಿ ಉಳಿದವು. ತೊಳೆದು ಅಡಿಗೆಮನೆಯ ಮೂಲೆಯಲ್ಲಿ ಒಂದರ ಮೇಲೊಂದು ಇಟ್ಟೆ. ಶಾಂತವ್ವ ಇದ್ದಾಗ ಪರರ ಪಾತ್ರೆ ನಮ್ಮ ಮನೆಯಲ್ಲಿ ಒಂದು ರಾತ್ರಿ ಉಳಿಯುತ್ತಿರಲಿಲ್ಲ. ಮಂದಿ ಭಾಂಡೆ ಮನೆಯಲ್ಲಿದ್ದರೆ ನಿದ್ದೆ ಹತ್ತುವುದಿಲ್ಲ ಎನ್ನುತ್ತಿದ್ದಳು. ಖಾಲಿಯಾಗಿಯೂ ಕೊಡುತ್ತಿರಲಿಲ್ಲ, ಏನಾದರೊಂದು ಹಿಡಿ ಹಾಕಿಯೇ ಕೊಡುತ್ತಿದ್ದಳು. ಸಂಕ್ರಾಂತಿಗೆ ಇಡೀ ಓಣಿ ಮಲಪ್ರಭೆಯ ದಂಡೆಯಲ್ಲಿ ಕೂಡಿ ಉಣ್ಣುತ್ತದೆ. ಅಷ್ಟರೊಳಗೆ ಎಲ್ಲವನ್ನೂ ಮುಟ್ಟಿಸದಿದ್ದರೆ, ಶಾಂತವ್ವ ಹೋದಳು, ಮನೆಯ ರೀತಿಯೂ ಹೋಯಿತು ಎಂದು ಅಂದಾರು ಎಂಬ ಅಂಜಿಕೆ ನನಗೆ.

ಮೊದಲ ಡಬ್ಬಿಯ ಮೇಲೆ ‘ರುದ್ರಪ್ಪ’ ಎಂದಿತ್ತು. ಚಹಾಕ್ಕೆ ತಂದ ಸಕ್ಕರೆಯನ್ನೇ ಅದರಲ್ಲಿ ತುಂಬಿ ಓಣಿಯ ಕೊನೆಯ ಟೇಲರ್ ರುದ್ರಪ್ಪನಿಗೆ ಕೊಟ್ಟೆ. ಅವನು ಡಬ್ಬಿ ತಿರುಗಿಸಿ ನೋಡಿದ, ಮುಖ ಸಣ್ಣದಾಯಿತು. ಅದು ನಮ್ಮ ಓಣಿಯ ಮಲ್ಲವ್ವನ ಮಗನ ಲಗ್ನದಲ್ಲಿ ಅವನು ಉಡುಗೊರೆ ಕೊಟ್ಟದ್ದು, ನನಗೆ ಹೋಳಿಗೆ ಬಂದದ್ದು ಅವಳ ಮನೆಯಿಂದ.

“ನಾ ಮಾಡಿದ ಆಯೇರಿ ಹೊಳ್ಳಿ ಕಳಿಸ್ಯಾಳೇನು ಮಲ್ಲವ್ವ? ಅದೂ ನಿಮ್ಮ ಕೈಯಾಗ?”

ಕೊರೆದ ಹೆಸರು ಕೊಟ್ಟವರದು, ಇಟ್ಟುಕೊಂಡವರದಲ್ಲ ಎಂಬುದು ಓಣಿಯ ಮಕ್ಕಳಿಗೂ ಗೊತ್ತಿದ್ದ ಸಂಗತಿ. ಎರಡೂ ಮನೆಗಳ ನಡುವೆ ಕೆಲವು ದಿನ ಮಾತು ನಿಂತಿತು. ಕಡೆಗೆ ಇಬ್ಬರೂ ಕೂಡಿ ನನ್ನನ್ನು ಬೈದು ಒಂದಾದರು.

ಆಮೇಲೆ ಹೆಸರು ಓದುವುದು ಬಿಟ್ಟು, ಬಾಗಿಲಲ್ಲಿ ನಿಂತು ಡಬ್ಬಿ ಎತ್ತಿ ತೋರಿಸಿ, ಇದು ನಿಮ್ಮದೇ ಎಂದು ಕೇಳತೊಡಗಿದೆ. ಒಂದು ಬಿಟ್ಟು ಎಲ್ಲ ಹೋದವು. ಆ ಒಂದರ ಮೇಲೆ ‘ಗಂಗವ್ವ, ಕೆರೂರ’ ಎಂದು ಚುಕ್ಕೆ ಚುಕ್ಕೆಯಾಗಿ ಕೊರೆದಿತ್ತು. ಯಾರೂ ತಮ್ಮದೆನ್ನಲಿಲ್ಲ. ಸಂತೆಯ ದಿನ ಕೆರೂರಿಗೇ ಹೋದೆ. ಕೊಟ್ಟಾಕೆ ಸಿಕ್ಕರೆ ಯಾರಿಗೆ ಕೊಟ್ಟೆ ಎಂದು ಹೇಳಿಯಾಳು. ಗಂಗವ್ವಂದಿರು ಬೇಕಾದಷ್ಟು ಸಿಕ್ಕರು. ತಾನು ಯಾರಿಗೂ ಕೊಟ್ಟದ್ದು ನೆನಪಿಲ್ಲ, ಆದರೆ ಈಗ ನೀವು ಕೊಟ್ಟರೆ ಒಲ್ಲೆ ಅನ್ನುವುದಿಲ್ಲ ಎಂದಳು ಒಬ್ಬಾಕೆ.

ಕೇಳದೆ ಉಳಿದವಳು ಪಕ್ಕದ ಮನೆಯ ನೀಲವ್ವ ಒಬ್ಬಳೇ. ಎಳ್ಳ ಅಮಾವಾಸ್ಯೆಯ ಮರುದಿನವೇ ಮಗಳ ಬಾಣಂತನಕ್ಕೆ ಇಳಕಲ್ಲಿಗೆ ಹೋಗಿದ್ದಳು. ಸಂಕ್ರಾಂತಿಯ ದಿನ ನೇರವಾಗಿ ಹೊಳೆಯ ದಂಡೆಗೇ ಬಂದಳು. ಚಳಿಗೆ ಮಂದಿ ಬಿಸಿಲು ಹುಡುಕಿ ಜಮಖಾನೆ ಹಾಸುತ್ತಿದ್ದರು. ನಾನು ಸಕ್ಕರೆ ತುಂಬಿದ ಡಬ್ಬಿ ಹಿಡಿದು ನಿಂತಿದ್ದೆ.

“ಅಣ್ಣಾರ, ಅದನ್ಯಾಕ ಇಲ್ಲಿ ತಂದ್ರಿ?” ಎಂದಳು.

ಯಜಮಾನರನ್ನು ಹುಡುಕುತ್ತಿದ್ದೇನೆ ಎಂದೆ. ಅವಳು ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು.

“ಅದು ನಿಮ್ಮ ಮನೀದ ಐತ್ರಿ. ಪಂಚಮಿಗೆ ಶಾಂತಕ್ಕ ಉಂಡಿ ಹಾಕಿ ಕಳಿಸಿದ್ಲು. ನಾ ಏನರ ಮಾಡಿ ಹಾಕಿ ಹೊಳ್ಳಿ ಕೊಡೂದ್ರಾಗ ಆಕಿನ ಹೋದ್ಲು. ಅಮಾಸಿಗೆ ಹೋಳಿಗಿ ಹಾಕಿ ನಾನ ಕಳಿಸೀನಿ. ಗಂಗವ್ವ ಅಂದ್ರ ಶಾಂತಕ್ಕನ ಸ್ವಾದರತ್ತಿ. ನಿಮ್ಮ ಲಗ್ನದಾಗ ಕೊಟ್ಟಿದ್ದು. ಲಗ್ನದಾಗ ನೀವೂ ಇದ್ರಿ, ಅಲ್ರೀ?”

ಇದ್ದೆ ಎಂದೆ. ಮೊದಲು ನಕ್ಕವನು ರುದ್ರಪ್ಪ, ಅವನ ಹಿಂದೆ ಮಲ್ಲವ್ವ, ಆಮೇಲೆ ನಾನೂ. ನಗುತ್ತಿದ್ದ ನೀಲವ್ವ ಯಾಕೋ ಸೆರಗು ಕಣ್ಣಿಗೆ ಒತ್ತಿಕೊಂಡಳು. ಸಕ್ಕರೆಯನ್ನು ಮಕ್ಕಳ ಕೈಗೆ ಹಂಚಿ, ಡಬ್ಬಿಗೆ ಗೋದಿ-ಬೆಲ್ಲದ ಮಾದಲಿ ತುಂಬಿ ನನ್ನ ಕೈಗಿಟ್ಟಳು.

ಮನೆಗೆ ಬಂದು ಮಾದಲಿ ತಿಂದು, ಡಬ್ಬಿ ತೊಳೆದೆ. ಎಲ್ಲಿ ಇಡುವುದು? ಯಾವ ಹಲಗೆಯ ಮೇಲಿಟ್ಟರೂ ಬೇರೆಯವರ ಮನೆಯಲ್ಲಿ ಇಟ್ಟಂತೆ ಕಂಡಿತು. ಬೆಳಿಗ್ಗೆ ನಾಚಿಕೆ ಬಿಟ್ಟು ಹಿತ್ತಲಗೋಡೆಯ ಮೇಲಿಂದ ನೀಲವ್ವನನ್ನು ಕೇಳಿದೆ. ಎರಡನೆಯ ಹಲಗೆ, ಬೇಳೆ ಡಬ್ಬಿಯ ಮಗ್ಗುಲಿಗೆ ಎಂದಳು, ರೊಟ್ಟಿ ಬಡಿಯುವುದನ್ನೂ ನಿಲ್ಲಿಸದೆ. ಒಳಗೆ ಬಂದು ನೋಡಿದರೆ ಆ ಹಲಗೆಯ ತುಂಬ ಮುಚ್ಚಿದ ಡಬ್ಬಿಗಳು. ಒಂದೊಂದೇ ಮುಚ್ಚಳ ತೆಗೆದು ನೋಡಬಹುದಿತ್ತು. ಶಾಂತವ್ವ ಮುಚ್ಚಿಟ್ಟದ್ದು, ತೆರೆಯಲು ಕೈ ಬರಲಿಲ್ಲ. ಬೇಳೆಯ ಡಬ್ಬಿ ಯಾವುದು ಎಂದು ಕೇಳಲು ಮತ್ತೆ ಗೋಡೆಯ ಕಡೆಗೆ ನಡೆದೆ.