ಎರಡು ಚಾನೆಲ್ ಸಾಕೆಂಬ ಬಿನ್ನಹ

ಇಂದ:
ಶ್ರೀಕೃತಿ, ಎಂ.ಎ.,
ಅಡುಗೆಮನೆ ಮತ್ತು ನಡುಮನೆ ವಿಭಾಗ,
ಗಾಂಧಿನಗರ, ಬಳ್ಳಾರಿ.

ಗೆ:
ಶ್ರೀ ಸಂಕರ್ಷಣ ಅವರು (ಅರ್ಜಿದಾರಳ ಪತಿ),
ಮುಖ್ಯಸ್ಥರು, ಧ್ವನಿಮುದ್ರಣ ಇಲಾಖೆ,
ಮಹಡಿ ಕೋಣೆ, ಅದೇ ಮನೆ.

ವಿಷಯ: ತಮ್ಮ ತಾಯಿಯವರ ಹಾಡು ಮುದ್ರಿಸಲು ಉಪಕರಣ ಆರಿಸುವ ಕೆಲಸವನ್ನು ಈಗಲಾದರೂ ಮುಗಿಸುವ ಕುರಿತು.

ಉಲ್ಲೇಖ: ೧. ಯುಗಾದಿಯಂದು ತಾವು ಮಾಡಿದ ಘೋಷಣೆ. ೨. ದಸರೆಯಲ್ಲಿ ಮಾಡಿದ ಅದೇ ಘೋಷಣೆ. ೩. ಅತ್ತೆಯವರ ಮೇಲಿನ ಸಾಲಿನ ಹಲ್ಲು ಕೀಳಲು ದಂತವೈದ್ಯರು ಗೊತ್ತುಮಾಡಿದ ದಿನ, ಬರುವ ಸೋಮವಾರ.

ಮಾನ್ಯರೇ,

ಮೊನ್ನೆ ರಾತ್ರಿ ತಾವು ಹೆಡ್‌ಫೋನ್ ಹಾಕಿಕೊಂಡು ಮೈಕುಗಳ ವಿಮರ್ಶೆ ನೋಡುತ್ತಿದ್ದ ಕಾರಣ ತಮಗೆ ಕೇಳಿಸದ ಒಂದು ಸಣ್ಣ ದನಿ ನನಗೆ ಕೇಳಿಸಿತು. ಅತ್ತೆಯವರು ಕತ್ತಲಲ್ಲಿ ಆರತಿ ಹಾಡು ಗುನುಗುತ್ತಿದ್ದರು. ಒಂದು ಸಾಲು ಹಾಡಿ, ಒಂದು ಸಾಲಿನಷ್ಟು ಹೊತ್ತು ಸುಮ್ಮನಿದ್ದು, ಅದರಾಚೆಯ ಸಾಲು ಹಿಡಿಯುತ್ತಿದ್ದರು. ಮರೆವು ಶುರುವಾಯಿತೇ ಎಂದು ಹೆದರಿ ಬಾಗಿಲ ಬಳಿ ನಿಂತೆ. ಮರೆವಲ್ಲ. ಬಿಟ್ಟ ಸಾಲುಗಳು ಸಿರುಗುಪ್ಪದ ತುಂಗಾಬಾಯಿಯವರವು.

೧. ತಮ್ಮ ಸೋದರತ್ತೆಯಾದ ತುಂಗಾಬಾಯಿಯವರೂ ಅತ್ತೆಯವರೂ ಸಾಲಿಗೊಬ್ಬರಂತೆ ಹಾಡುತ್ತಿದ್ದ ಜೋಡಿ. ಕುರುಗೋಡಿನ ಮದುವೆಯಲ್ಲಿ ಅತ್ತೆಯವರು ಗಂಡಿನ ಕಡೆ, ತುಂಗಾಬಾಯಿಯವರು ಹೆಣ್ಣಿನ ಕಡೆ ಆದ ಕಾರಣ, ಬೀಗರ ಹಾಡಿನಲ್ಲಿ ತುಂಗಾಬಾಯಿಯವರು "ಬೀಗಿತಿ ಸಾರಿನಾಗ ಬ್ಯಾಳಿ ಹುಡುಕಾಕ ದೀಪ ತರ್ರಿ" ಎಂದು ಹಾಡಿದರು. ಇಂಥದಕ್ಕೆ ಹಾಡಿನಲ್ಲೇ ತಿರುಗೇಟು ಕೊಟ್ಟು ನಗುವುದು ಪದ್ಧತಿ. ಅತ್ತೆಯವರಿಗೆ ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ. ಕಾರಣ, ಮಾತು ಬಿಟ್ಟರು. ಉತ್ತರವೇನೋ ಬಸ್ಸಿನಲ್ಲಿ ಹೊಳೆಯಿತಂತೆ. ಅಷ್ಟರಲ್ಲಿ ಬಳ್ಳಾರಿ ಬಂದಿತ್ತು.

೨. ತಾವು ಎಂಟು ದನಿಗಳನ್ನು ಬೇರೆಬೇರೆಯಾಗಿ ಮುದ್ರಿಸುವ, ಎಂಟು ಚಾನೆಲ್ಲಿನ ಪೆಟ್ಟಿಗೆಯೇ ಬೇಕೆನ್ನುತ್ತೀರಿ. ಹಾಡುವವರು ಇಬ್ಬರು, ಅವರೂ ಒಂದೇ ಕೋಣೆಗೆ ಬರುವವರಲ್ಲ. ಉಳಿದವುಗಳಲ್ಲಿ ಏನನ್ನು ಮುದ್ರಿಸುವಿರೆಂದು ತಿಳಿದುಬಂದಿಲ್ಲ. ಕುಕ್ಕರಿನ ಸೀಟಿಗೆ ಒಂದು ಸಾಕು.

೩. ಮೈಕ್‌ಸೆಟ್ ಬಾಡಿಗೆಗೆ ಕೊಡುವ ಹುಲಿಗೇಶ್ ಅವರಿಂದ ತಾವು ತಂದ ಮೈಕು ಬಾಯಿಗೆ ಹತ್ತಿರ ಹಿಡಿಯುವಂಥದು. ಅತ್ತೆಯವರು ಅದನ್ನು ನೋಡಿ, "ಊರ ಮಂದಿ ಎಲ್ಲಾ ಬಾಯಿ ಇಟ್ಟಾರ. ಎಂಜಲದ ಮುಂದ ದೇವರ ಹಾಡು ಹಾಡ್ಲೇನು?" ಎಂದರು. ಆದ್ದರಿಂದ ದೂರದಿಂದಲೇ ದನಿ ಹಿಡಿಯುವ ಹೊಸ ಕಂಡೆನ್ಸರ್ ಮೈಕು ಬೇಕು. ಅದರಲ್ಲಿ ತಾವು ಮೊದಲು "ಟೆಸ್ಟಿಂಗ್" ಎಂದು ಊದತಕ್ಕದ್ದಲ್ಲ.

೪. ನಿನ್ನೆ ತಾವು ಬ್ಯಾಂಕಿಗೆ ಹೋದ ಮೇಲೆ ನಾನು ಸಿರುಗುಪ್ಪದ ಬಸ್ಸು ಹತ್ತಿದೆ. ತುಂಗಾಬಾಯಿಯವರ ದನಿಯನ್ನು ಮೊಬೈಲಿನಲ್ಲಿ ಹಿಡಿದೆ. ಅವರೂ ನಡುನಡುವೆ ಸುಮ್ಮನಾದರು. ಪೂರ್ತಿ ಹಾಡಿರೆಂದರೆ, "ಅದು ಅತ್ತಿಗಿ ಸಾಲು. ನಾ ಯಾಕ ಮುಟ್ಲಿ?" ಎಂದರು. ಹಲ್ಲು ಕೀಳಿಸುವ ಸುದ್ದಿ ಹೇಳಿದೆ. ಒಳಗೆ ಹೋಗಿ, ಒಂದು ಚೀಲ ತೊಗರಿಬೇಳೆ ತಂದು ಕೈಗಿಟ್ಟು, "ಯಾರು ಕೊಟ್ರು ಅಂತ ಹೇಳಬ್ಯಾಡ" ಎಂದರು.

೫. ಸಂಜೆ, ಕಿವಿಗೆ ಎಂಜಲಿಲ್ಲವೆಂದು ವಾದಿಸಿ, ತಮ್ಮ ಹೆಡ್‌ಫೋನನ್ನು ಅತ್ತೆಯವರಿಗೆ ಹಾಕಿದೆ. ನಾದಿನಿಯ ಮೊದಲ ಸಾಲು ಕೇಳಿದ್ದೇ ಅವರು ಸೆರಗು ಸರಿಮಾಡಿಕೊಂಡರು. ಎರಡನೆಯ ಸಾಲನ್ನು ಅತ್ತೆಯವರೇ ಹಿಡಿದರು; ಅದನ್ನೂ ಮುದ್ರಿಸಿಕೊಂಡೆ. ಹಾಡು ಮುಗಿದಾಗ, "ಇನ್ನೂ ಎಳೀತಾಳ ಅಕಿ" ಎಂದರು. ಹೆಡ್‌ಫೋನ್ ತೆಗೆಯದೆಯೇ, "ಇನ್ನೊಮ್ಮೆ ಹಾಕು" ಎಂದರು.

೬. ಆದರೆ ತಮ್ಮ ಹೆಡ್‌ಫೋನಿನಿಂದ ದನಿ ಹೊರಗೆ ಸೋರಿ, ಇವರ ಸಾಲಿನೊಳಗೆ ಅವರದೂ ಸೇರಿಬಿಟ್ಟಿದೆ. ಜಗಳದಲ್ಲಿರುವವರನ್ನು ಹೀಗೆ ಅವರ ಒಪ್ಪಿಗೆಯಿಲ್ಲದೆ ಸೇರಿಸುವುದು ಉಚಿತವಲ್ಲ. ಸಿರುಗುಪ್ಪದ ಫ್ಯಾನೂ ಜೊತೆಗೆ ಹಾಡಿದೆ.

ಆದ್ದರಿಂದ ಎರಡು ಚಾನೆಲ್ಲಿನ, ಬಸ್ಸಿನಲ್ಲಿ ಒಯ್ಯಬಹುದಾದ ಪೆಟ್ಟಿಗೆ, ಮೇಲೆ ಹೇಳಿದ ಮೈಕು, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು, ಇಷ್ಟನ್ನು ಶನಿವಾರದೊಳಗೆ ತರಬೇಕು. ಸೋಮವಾರದ ನಂತರ ಹಾಡು ಉಳಿಯಬಹುದು, ಹಾಡಿನ ಸ, ಶ, ತ, ದ ಉಳಿಯುತ್ತವೆಂದು ದಂತವೈದ್ಯರು ಭರವಸೆ ಕೊಟ್ಟಿಲ್ಲ.

ಸೋಮವಾರದವರೆಗೆ ತಮ್ಮ ವಿಶ್ವಾಸಿ,
ಶ್ರೀಕೃತಿ

ಲಗತ್ತು: ೧. ತುಂಗಾಬಾಯಿಯವರ ದನಿ, ಫ್ಯಾನು ಸಹಿತ. ೨. ಅತ್ತೆಯವರ ದನಿ. ೩. ಒಂದು ಬಟ್ಟಲು ಸಾರು.

ವಿ.ಸೂ.: ಇಂದಿನ ಸಾರು ಚಮಚ ನಿಲ್ಲುವಷ್ಟು ಗಟ್ಟಿಯಾಗಿದೆಯೆಂದು ತಾವು ಊಟದಲ್ಲಿ ಆಕ್ಷೇಪಿಸಿದ್ದೀರಿ. ಅದನ್ನು ಮಾಡಿದವರು ಅತ್ತೆಯವರು. ಬೇಳೆ ಎಲ್ಲಿಯದೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ತಮ್ಮ ಹೊರತು ಇನ್ಯಾರಿಗೂ ಹೇಳುವುದಿಲ್ಲವೆಂದು ತೀರ್ಮಾನಿಸಿದ್ದೇನೆ. ಪೆಟ್ಟಿಗೆ ಏಕೆ ತಂದೆಯೆಂದು ಅವರು ಕೇಳಿದರೆ ತಾವು "ಆಫರ್ ಇತ್ತು" ಎಂದಷ್ಟೇ ಹೇಳಿ, ಸಾರನ್ನು ಮೌನವಾಗಿ ಉಣ್ಣಬೇಕಾಗಿ ವಿನಂತಿ.