ಬಾದುಶಾ ಸಾಹೇಬರ ಕ್ಯಾರವಾನಿಗೆ ಕೊಂಡಿ

ಎಣ್ಣೆಯ ಬೆಲೆ ಬಿದ್ದ ಆ ವರ್ಷ ಗಲ್ಫಿನ ಖುರುಮ್‌ನ ಕಚೇರಿಗಳಲ್ಲಿ ಜನ ತಮ್ಮ ಕೆಲಸಕ್ಕಿಂತ ಹೆಚ್ಚಾಗಿ ಮ್ಯಾನೇಜರರ ಮುಖವನ್ನೇ ನೋಡುತ್ತಿದ್ದರು. ಪೈಪು ಮಾರುವ ಕಂಪನಿಯ ದೊರೆಸ್ವಾಮಿಯಂತೂ ನೋಡಿ ನೋಡಿ ಆ ಮುಖದ ಮಚ್ಚೆಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ. ಅರ್ಧ ಜನ ಆಗಲೇ ಗಂಟುಮೂಟೆ ಕಟ್ಟಿದ್ದರು. ಉಳಿದವರಲ್ಲಿ ಯಾರ ಸರದಿ ಎಂಬುದು ಭಾನುವಾರ ಲಿಸ್ಟು ಬಂದಾಗ ತಿಳಿಯುವುದಿತ್ತು.

ಇಂಥ ಹೊತ್ತಿನಲ್ಲಿ ಮ್ಯಾನೇಜರ್ ಬಾದುಶಾ ಸಾಹೇಬರು ಲಿಫ್ಟಿನಲ್ಲಿ, “ಒಂದು ಕ್ಯಾರವಾನ್ ತೆಕೊಂಡಿದ್ದೇನೆ, ಚಕ್ರದ ಮೇಲಿನ ಮನೆ. ಸೂರ್ ಊರಿಗೆ ಎಳ್ಕೊಂಡು ಹೋಗ್ಬೇಕು. ಅದಕ್ಕೆ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಬೇಕಂತೆ, ಎಂತದೋ ಒಂದು ಕೊಂಡಿ” ಎಂದು ಗೊಣಗಿದ್ದೇ ತಡ, ದೊರೆಸ್ವಾಮಿ ಬಾಯಿ ಹಾಕಿದ.

“ನಂಗೆ ಬಿಡಿ ಸಾರ್! ಹಿಚ್ ನಾನೇ ಆರಿಸ್ತೀನಿ. ನನ್ನ ಫೋರ್ ವೀಲ್‌ನಲ್ಲೇ ಎಳೀತೀನಿ!”

ಈ ಮಹಾಶಯ ಏರ್‌ಪೋರ್ಟಿನಲ್ಲಿ ಸೂಟ್‌ಕೇಸ್ ಎಳೆದದ್ದು ಬಿಟ್ಟರೆ ಜೀವಮಾನದಲ್ಲಿ ಬೇರೇನನ್ನೂ ಎಳೆದವನಲ್ಲ.

ಶನಿವಾರ ಬೆಳಗ್ಗೆ ಕ್ಯಾರವಾನ್ ಅವನ ಬಿಲ್ಡಿಂಗ್ ಕೆಳಗೆ ಬಂದು ನಿಂತಿತು. ಸಾಹೇಬರು ಮುಂಚೆಯೇ ಸೂರ್ ಸೇರಿದ್ದರು. ರಾತ್ರಿ ಇಂಟರ್‌ನೆಟ್ಟಿನಲ್ಲಿ ಕಲಿತ ವಿದ್ಯೆಯನ್ನು ದೊರೆಸ್ವಾಮಿ ಹೆಂಡತಿಗೆ ಒಪ್ಪಿಸಿದ.

“ಕ್ಯಾರವಾನ್ ಮೂತಿ ಭಾರ ಎಲ್ಲಾ ಕಾರಿನ ಹಿಂದ್ಗಡೆ ಬಿದ್ರೆ ಮುಂದಿನ ಚಕ್ರ ಹಗುರ ಆಗತ್ತೆ ಕಣೇ. ಈ ಹಿಚ್‌ನಲ್ಲಿ ಎರಡು ಸ್ಪ್ರಿಂಗ್ ಸರಳು ಇರತ್ತೆ. ಅವು ಭಾರಾನ ಎಲ್ಲಾ ಚಕ್ರಕ್ಕೂ ಹಂಚ್ತವೆ. ಮೂತಿ ಎಷ್ಟು ತೂಗತ್ತೆ ಅಂತ ನೋಡಿ ತಕ್ಕ ಸರಳು ತಂದ್ರಾಯ್ತು.”

“ಗ್ಯಾಸ್ ಸಿಲಿಂಡರ್ ಎತ್ತಿ ಅಂದ್ರೆ ಸೊಂಟ ನೋವು ಅಂತೀರಿ” ಎಂದಳು ಸರಸ್ವತಮ್ಮ. “ಸಾಹೇಬರ ಗಾಡಿ ಅಂದ್ರೆ ಎಲ್ಲಿಂದ ಬಂತ್ರೀ ಶಕ್ತಿ?”

ಮೇಲಿನ ಮನೆಯ ಕೊರಗಪ್ಪ ಕರೆಯದೆಯೇ ಇಳಿದು ಬಂದ. “ಎಂತ ಮಾರಾಯ್ರೆ, ಅಷ್ಟಕ್ಕೆ ಮಂಡೆಬಿಸಿ ಯಾಕೆ? ತೂಕದ ಮಿಷನ್ ನಮ್ಮಲ್ಲಿ ಉಂಟು!”

ಮೈತೂಕ ನೋಡುವ ಆ ಯಂತ್ರದ ಮೇಲೆ ಕ್ಯಾರವಾನಿನ ಮೂತಿಯನ್ನು ಇಳಿಸಿದರು. ಮುಳ್ಳು ತೋರಿಸಿದ್ದನ್ನು ನಂಬಿ ದೊರೆಸ್ವಾಮಿ ಅಂಗಡಿಗೆ ಓಡಿ, ತೆಳುವಾದ ಸರಳುಗಳಿದ್ದ ಹಿಚ್ ಆರಿಸಿ ತಂದ.

ಅಷ್ಟರಲ್ಲಿ ಸೂರ್‌ಗೆ ಗಾಡಿ ಹೋಗುವ ಸುದ್ದಿ ಬಿಲ್ಡಿಂಗ್ ತುಂಬಿತ್ತು. ಗಲ್ಫಿನಲ್ಲಿ ಯಾರಾದರೂ ಹೊರಟರೆಂದರೆ ಮುಗಿಯಿತು, ಪ್ಯಾಕೆಟ್ ಇಲ್ಲದೆ ಬೀಳ್ಕೊಡುವ ನೆರೆಯವರು ಇನ್ನೂ ಹುಟ್ಟಿಲ್ಲ. ಕೊರಗಪ್ಪನ ಹೆಂಡತಿ ಹರಿಣಾಕ್ಷಿ, ಸೂರ್‌ನ ಗ್ಯಾಸ್ ಪ್ಲಾಂಟಿನಲ್ಲಿರುವ ತಮ್ಮನಿಗೆಂದು “ಸಣ್ಣ ಕಟ್ಟು ಒಂದು” ಎಂದು ಗ್ರೈಂಡರನ್ನೇ ತಂದಳು. ಎದುರು ಮನೆಯ ರತ್ನಪ್ರಭಾ ಕುಚ್ಚಲಕ್ಕಿಯ ಮೂಟೆ ತಂದಳು. ಪಕ್ಕದ ಮನೆಯ ಕಾಂತಾಮಣಿಯದು ಹೊಲಿಗೆ ಯಂತ್ರ. ಎಲ್ಲವೂ ಕ್ಯಾರವಾನಿನ ಮುಂಭಾಗದಲ್ಲೇ ಕುಳಿತವು. ಕೊಂಡಿ ಹಾಕುತ್ತಲೇ ಕಾರಿನ ಹಿಂಭಾಗ ಕುಸಿದು, ಅದರ ಮೂಗು ಆಕಾಶ ನೋಡಿತು.

“ತೂಕ ನೋಡೇ ತಂದಿದ್ದು!” ಎಂದು ದೊರೆಸ್ವಾಮಿ ಕಿರುಚಿದ.

“ಯಾವ ಮಿಷನಿನಲ್ಲಿ? ನಮ್ಮದಾ?” ಹರಿಣಾಕ್ಷಿ ನಾಚಿದಳು. “ನನಗೆ ಬೇಜಾರಾಗ್ಬಾರ್ದಂತ ಇವರು ಅದರ ಮುಳ್ಳು ಹಿಂದೆ ತಿರುಗಿಸಿ, ತೂಕ ಕಮ್ಮಿ ತೋರಿಸುವ ಹಾಗೆ ಇಟ್ಟಿದ್ದಾರೆ.”

ಕೊರಗಪ್ಪ ಕೆಮ್ಮಿದ. “ಸಂಸಾರ ಅಂದ ಮೇಲೆ ಇದೆಲ್ಲ ಇರ್ತದೆ. ನೀವು ಈ ಸಲ ಎಲ್ಲಕ್ಕಿಂತ ದಪ್ಪದ್ದೇ ತೆಕೊಳ್ಳಿ. ಗಟ್ಟಿ ಇದ್ದಷ್ಟು ಒಳ್ಳೇದು.”

ಬುದ್ಧಿ ಇದ್ದವನಾಗಿದ್ದರೆ ಸಾಮಾನು ಇಳಿಸಿ ಇನ್ನೊಮ್ಮೆ ತೂಗುತ್ತಿದ್ದ. ದೊರೆಸ್ವಾಮಿ ಆನೆ ಕಟ್ಟುವಂಥ ಸರಳು ತಂದು ಬಿಗಿದ. ಆಮೇಲೆ ಭಯವಾಗಿ, ಮುಂದಿದ್ದ ಸಾಮಾನನ್ನೆಲ್ಲ ಹಿಂದಕ್ಕೆ ಸಾಗಿಸಿದ. ಈಗ ಸರಳು ದಪ್ಪ, ಮೂತಿ ಹಗುರ, ಬಾಲ ಭಾರ.

ಸೂರ್ ದಾರಿಯಲ್ಲಿ ಕ್ಯಾರವಾನ್ ಯಜಮಾನನನ್ನು ಕಂಡ ನಾಯಿಯ ಬಾಲದ ಹಾಗೆ ಅಲ್ಲಾಡಿತು. ಪ್ರತಿ ಉಬ್ಬಿಗೂ ಕಾರು ಕುಪ್ಪಳಿಸಿ, ಕರೆಯದೆಯೇ ಹತ್ತಿ ಪಕ್ಕದಲ್ಲಿ ಕುಳಿತ ಕೊರಗಪ್ಪನ ತಲೆ ಛಾವಣಿಗೆ ಬಡಿಯಿತು. ಲಾರಿಯವನೊಬ್ಬ ಪಕ್ಕಕ್ಕೆ ಬಂದು ಹಿಂದಿಯಲ್ಲಿ ಇವರ ಮೂರು ತಲೆಮಾರನ್ನು ವಿಚಾರಿಸಿಕೊಂಡ. ಮೂಟೆ ಬಿಚ್ಚಿ, ಕುಚ್ಚಲಕ್ಕಿ ಬಾಗಿಲ ಸಂದಿಯಿಂದ ಹೆದ್ದಾರಿಯ ಉದ್ದಕ್ಕೂ ಸೋರುತ್ತಿತ್ತು.

“ವಾಪಸ್ ಹೋಗುವ ಮಾರಾಯ್ರೆ!”

“ಸುಮ್ನಿರಿ! ನನ್ನ ಕೆಲಸದ ಪ್ರಶ್ನೆ ಇದು!” ಎಂದ ದೊರೆಸ್ವಾಮಿ, ಅಳು ತಡೆದುಕೊಂಡು.

ಹೊತ್ತು ಮುಳುಗುವಾಗ ಸೂರ್‌ನ ಕಡಲ ಬದಿಯಲ್ಲಿ ಬಾದುಶಾ ಸಾಹೇಬರು ಲುಂಗಿ ಉಟ್ಟು ಕಾಯುತ್ತಿದ್ದರು. ಕ್ಯಾರವಾನಿಗೆ ಒಂದು ಸುತ್ತು ಬಂದು ದೊರೆಸ್ವಾಮಿಯ ಬೆನ್ನು ತಟ್ಟಿದರು. ಅವನ ಆಯಾಸವೆಲ್ಲ ಇಳಿಯಿತು. ಹಲ್ಲು ಕಿರಿದು, “ಸಾರ್, ನಾಳೆ ಲಿಸ್ಟು...” ಎಂದ.

“ಅದರಲ್ಲಿ ಮೊದಲನೇ ಹೆಸರು ನಂದೇ” ಎಂದರು ಸಾಹೇಬರು. “ಕಂಪನಿ ಫ್ಲ್ಯಾಟ್ ಕಿತ್ಕೊಂಡ್ರು. ಫ್ಯಾಮಿಲಿ ಊರಿಗೆ ಹೋಯ್ತು. ಇದು ದೋಸ್ತಿಯ ಜಾಗ, ಬಾಡಿಗೆ ಇಲ್ಲ. ಅದಕ್ಕೇ ಅಲ್ವಾ ಕ್ಯಾರವಾನ್?”

ದೊರೆಸ್ವಾಮಿ ಒಂದು ಹೆಜ್ಜೆ ಮುಂದೆ ಬಂದ. “ನನ್ನ ಹೆಸರು?”

“ನಿಂದು ಇರ್ಲಿಲ್ಲ. ಆದ್ರೂ ನೀನು ನನಗೋಸ್ಕರ ಇಷ್ಟು ಕಷ್ಟಪಡುವಾಗ ಸುಮ್ಮನಿರುವುದು ಹೇಗೆ? ಬೆಳಗ್ಗೆ ಹೊಸ ಮ್ಯಾನೇಜರ್‌ಗೆ ನಾನೇ ಫೋನ್ ಮಾಡಿದೆ. ದೊರೆಸ್ವಾಮಿ ಖಾಸಾ ನಮ್ಮವನು, ರಜೆಯಲ್ಲೂ ನನ್ನ ಗಾಡಿ ಎಳೀತಾನೆ ಅಂತ ಹೊಗಳಿದೆ.” ಸಾಹೇಬರು ದೃಷ್ಟಿ ತಪ್ಪಿಸಿದರು. “ಬಾದುಶಾನ ಜನ ಒಬ್ಬನೂ ಉಳೀಬಾರ್ದು ಅಂತ ಅವನಿಗೆ ಆರ್ಡರ್ ಉಂಟಂತೆ. ಓಹೋ, ಇವನೂ ನಿಮ್ಮವನಾ? ಖಲಾಸ್, ಅಂದ.”

ದೊರೆಸ್ವಾಮಿ ಮರಳಿನ ಮೇಲೆ ಕುಕ್ಕರಿಸಿದ.

ಸಾಹೇಬರು ಕ್ಯಾರವಾನಿನ ಬಾಗಿಲು ತೆಗೆದು, ಒಳಗಿದ್ದ ಗ್ರೈಂಡರನ್ನು ಕಾಲಿನಿಂದ ಬದಿಗೆ ಸರಿಸಿದರು. “ಬೇಜಾರ್ ಮಾಡ್ಬೇಡ ಮಾರಾಯ. ಎರಡು ಮಂಚ ಉಂಟು. ನಿನಗೆ ಮೇಲಿನದ್ದು ಆಗ್ತದಲ್ಲಾ?”